ಅವ್ವನ ಮುಖಕ್ಕೆ ಯಾವ ಲೆನ್ಸು?

ಪುಣೆಯಲ್ಲಿ ಐಟಿ ಕೆಲಸಕ್ಕೆ ಸೇರಿ ನಾಲ್ಕೈದು ವರ್ಷ ಕಳೆದು, ಎಜುಕೇಶನ್ ಲೋನ್ ತೀರಿದ ಮೇಲೆ ಮೂರರಲ್ಲಿ ಒಂದು ಹುಚ್ಚು ಹಿಡಿಯುತ್ತದೆ. ಶನಿವಾರ ಬಂದರೆ ಸಿಂಹಗಡ, ರಾಜಗಡ ಎಂದು ಕೋಟೆ ಹತ್ತುವ ಹುಚ್ಚು, ಬುಲೆಟ್ ಬೈಕಿನ ಹುಚ್ಚು, ಇಲ್ಲವೇ ಕ್ಯಾಮೆರಾ ಹುಚ್ಚು. ನನಗೆ ಹಿಡಿದದ್ದು ಮೂರನೆಯದು. ಹಾಗಾಗಿ ಹಿಂಜವಡಿಯ ನಮ್ಮ ಆಫೀಸಿನಲ್ಲಿ ಹೊಸ ಕ್ಯಾಮೆರಾ ಕೊಂಡವರೆಲ್ಲ ಚಹಾದ ಹೊತ್ತಿಗೆ ನನ್ನ ಬಳಿ ಬಂದು ಕೇಳುವ ಪ್ರಶ್ನೆ ಒಂದೇ: ‘ಕ್ಯಾಮೆರಾ 45 ಮೆಗಾಪಿಕ್ಸೆಲ್‌ದು. ಪೋರ್ಟ್ರೇಟ್‌ಗೆ ಅಂತ ಒಂದೇ ಒಂದು ಪ್ರೈಮ್ ಲೆನ್ಸ್ ತಗೋಬೇಕು. ಯಾವುದು?’

ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಯಾರ ಮುಖ? ಯಾವ ಕೋಣೆ?

ನಮ್ಮಂಥ ಹೊರನಾಡ ಕನ್ನಡಿಗರಿಗೆ ಮೊದಲ ಪ್ರಶ್ನೆಗೆ ಉತ್ತರ ಹುಡುಕಬೇಕಾದ್ದೇ ಇಲ್ಲ. ನಾವೇನು ಮಾಡೆಲ್‌ಗಳ ಫೋಟೊ ತೆಗೆಯುವವರಲ್ಲ. ವರ್ಷಕ್ಕೆ ಮೂರೋ ನಾಲ್ಕೋ ಸಲ ಊರಿಗೆ ಹೋಗುತ್ತೇವೆ. ಪ್ರತಿ ಸಲ ಹೋದಾಗಲೂ ಅಪ್ಪ ಅವ್ವ ಒಂಚೂರು ಸಣ್ಣಗಾಗಿರುತ್ತಾರೆ. ದಿನಾ ಜೊತೆಗಿರುವ ತಮ್ಮನಿಗೆ ಇದು ಕಾಣುವುದಿಲ್ಲ, ಬಸ್ಸಿಳಿದು ಬಾಗಿಲಲ್ಲಿ ನಿಂತವನಿಗೆ ಕಾಣುತ್ತದೆ.

ಎರಡು ವರ್ಷದ ಹಿಂದೆ ಗದಗಿನಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡರು. ಆ ರಾತ್ರಿ ಮನೆಮಂದಿಯೆಲ್ಲ ಮೊಬೈಲು ಹಿಡಿದು ಅವರದೊಂದು ಒಳ್ಳೆಯ ಫೋಟೊ ಹುಡುಕಿದೆವು. ಸಿಕ್ಕಿದ್ದು ಯಾರದೋ ಮದುವೆಯ ಗುಂಪು ಚಿತ್ರ, ಅದರಲ್ಲೂ ಹೆಗಲ ಮೇಲೆ ಇನ್ನೊಬ್ಬರ ಕೈ. ಸ್ಟುಡಿಯೊದವನು ಆ ಕೈ ಅಳಿಸಿ, ಹಿಂದೆ ನೀಲಿ ಬಣ್ಣ ಬಳಿದು, ಕೊರಳ ಕೆಳಗೆ ಒಂದು ಕೋಟು ಟೈ ತೊಡಿಸಿ ಕೊಟ್ಟ. ಜೀವಮಾನವಿಡೀ ಬಿಳಿ ಅಂಗಿ, ಧೋತರ ಬಿಟ್ಟು ಬೇರೇನೂ ತೊಡದ ಮನುಷ್ಯ ಈಗ ಗೋಡೆಯ ಮೇಲೆ ಕೋಟು ಹಾಕಿಕೊಂಡು ಗಂಧದ ಹಾರದೊಳಗಿಂದ ನೋಡುತ್ತಾರೆ. ಮುಖ ಅವರದೇ, ಆದರೆ ಅವರಲ್ಲ. ಮೂಗು ಬೇರೆ ದಪ್ಪ. ಮೊಬೈಲನ್ನು ತೀರ ಹತ್ತಿರ ಹಿಡಿದು ತೆಗೆದರೆ ಆಗುವುದೇ ಹೀಗೆ.

ನಾನು ಲೆನ್ಸಿನ ಲೆಕ್ಕಕ್ಕೆ ಗಂಭೀರವಾಗಿ ಕೂತದ್ದು ಆಮೇಲೆ. ನಿಮ್ಮಲ್ಲೂ ಕೆಲವರಿಗೆ ಇಂಥ ಒಂದು ಕಾರಣ ಇರಬಹುದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು, ಪ್ರೈಮ್ ಯಾಕೆ? ಜೂಮ್ ಆಗದ, ಒಂದೇ ಫೋಕಲ್ ಲೆಂತ್‌ನ ಲೆನ್ಸಿಗೆ ಪ್ರೈಮ್ ಎನ್ನುತ್ತಾರೆ. ಮುಖ ದೊಡ್ಡದಾಗಿ ಕಾಣಬೇಕಾದರೆ ಉಂಗುರ ತಿರುಗಿಸಿದರೆ ಆಗುವುದಿಲ್ಲ, ನೀವೇ ನಡೆದು ಹತ್ತಿರ ಹೋಗಬೇಕು. ಬದಲಿಗೆ ಸಿಗುವುದು ಬೆಳಕು. ಕ್ಯಾಮೆರಾ ಜೊತೆಗೆ ಬರುವ ಸಾಮಾನ್ಯ ಜೂಮ್ ಲೆನ್ಸನ್ನು ಪೂರ್ತಿ ಎಳೆದಾಗ ಅದರ ಬಾಯಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್/1.8ರ ಪ್ರೈಮ್ ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಟ್ಯೂಬ್‌ಲೈಟ್ ಹಾಕದೆ, ಫ್ಲ್ಯಾಶ್ ಹೊಡೆಯದೆ, ಬಾಗಿಲಿಂದ ಬರುವ ಬೆಳಕಿನಲ್ಲೇ ಪಡಸಾಲೆಯಲ್ಲಿ ಫೋಟೊ ತೆಗೆಯಲು ಇದು ಬೇಕು. ಫ್ಲ್ಯಾಶ್ ಹೊಡೆದ ಕೂಡಲೇ ನಮ್ಮ ಹಿರಿಯರು ಪಾಸ್‌ಪೋರ್ಟ್ ಆಫೀಸಿನಲ್ಲಿ ಕೂತವರ ಹಾಗೆ ಬಿಗಿದುಕೊಂಡುಬಿಡುತ್ತಾರೆ.

ಇನ್ನು ಎಷ್ಟು ಎಂಎಂ? ಇಲ್ಲಿ ಬಹಳ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. 85 ಎಂಎಂ ಲೆನ್ಸು ಮುಖವನ್ನು ಚೆನ್ನಾಗಿ ತೋರಿಸುತ್ತದೆ, 35 ಎಂಎಂ ಕೆಡಿಸುತ್ತದೆ ಎನ್ನುತ್ತಾರೆ. ಮುಖದ ಆಕಾರ ಬದಲಿಸುವುದು ಲೆನ್ಸಲ್ಲ, ದೂರ. ಮೂಗಿನ ತುದಿಗೂ ಕಿವಿಗೂ ನಡುವೆ ಸುಮಾರು 12 ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಕ್ಯಾಮೆರಾ ಮೂಗಿನಿಂದ 40 ಸೆಂಟಿಮೀಟರ್ ದೂರದಲ್ಲಿದ್ದರೆ ಕಿವಿ 52 ಸೆಂಟಿಮೀಟರ್ ದೂರದಲ್ಲಿರುತ್ತದೆ. ಅಂದರೆ ಕಿವಿಗೆ ಹೋಲಿಸಿದರೆ ಮೂಗು ಶೇ 30ರಷ್ಟು ದೊಡ್ಡದಾಗಿ ಮೂಡುತ್ತದೆ. ಅದೇ ಕ್ಯಾಮೆರಾವನ್ನು ಒಂದೂವರೆ ಮೀಟರ್ ಹಿಂದಕ್ಕೆ ಒಯ್ದರೆ ವ್ಯತ್ಯಾಸ ಶೇ 8ಕ್ಕೆ ಇಳಿಯುತ್ತದೆ. ಎರಡು ಮೀಟರಿನಲ್ಲಿ ಶೇ 6. ನಾವು ಎದುರು ಕೂತು ಮಾತಾಡುವ ದೂರವೂ ಹೆಚ್ಚುಕಡಿಮೆ ಇಷ್ಟೇ. ಮನಸ್ಸಿನಲ್ಲಿ ಉಳಿದಿರುವ ಮುಖ ಆ ದೂರದ್ದು.

ಇದನ್ನು ನನಗಿಂತ ಚೆನ್ನಾಗಿ ಹೇಳಿದವರು ನಮ್ಮ ಸೊಸೈಟಿಯ ಒಬ್ಬ ಮರಾಠಿ ಆಜಿ. ಸಂಜೆ ಗಿಡಗಳ ಕಟ್ಟೆಯ ಮೇಲೆ ಕೂತಿರುತ್ತಾರೆ. ನನ್ನ ಲೆನ್ಸು ಪರೀಕ್ಷೆಗಳಿಗೆಲ್ಲ ಬೇಸರಿಸದೆ ಮುಖ ಕೊಟ್ಟವರು ಅವರು. ಹತ್ತಿರ ಹೋಗಿ 35 ಎಂಎಂನಲ್ಲಿ ತೆಗೆದ ಚಿತ್ರ ತೋರಿಸಿದಾಗ ಕನ್ನಡಕ ಸರಿಮಾಡಿಕೊಂಡು, ‘ಮಾಝಂ ನಾಕ ಏವಢಂ ಮೋಠಂ ನಾಹೀ ರೇ’ ಎಂದರು. ನನ್ನ ಮೂಗು ಇಷ್ಟು ದೊಡ್ಡದಿಲ್ಲಪ್ಪ ಅಂತ. 85ರ ಚಿತ್ರ ತೋರಿಸಿದೆ. ಏನೂ ಹೇಳದೆ ಸೆರಗು ಸರಿಮಾಡಿಕೊಂಡು, ಮಗಳಿಗೆ ಕಳಿಸು ಎಂದು ನಂಬರು ಕೊಟ್ಟರು.

ಹಾಗಾದರೆ ಫೋಕಲ್ ಲೆಂತ್‌ನ ಕೆಲಸವೇನು? ಆ ದೂರದಲ್ಲಿ ನಿಂತಾಗ ಚೌಕಟ್ಟು ಎಷ್ಟು ತುಂಬುತ್ತದೆ ಎಂಬುದನ್ನು ಅದು ತೀರ್ಮಾನಿಸುತ್ತದೆ. ಇಲ್ಲಿ ಎರಡನೆಯ ಪ್ರಶ್ನೆ ಬರುತ್ತದೆ, ಕೋಣೆಯದು.

ತಲೆಯಿಂದ ಎದೆಯವರೆಗೆ, ಅಂದರೆ ಸುಮಾರು 60 ಸೆಂಟಿಮೀಟರ್ ಎತ್ತರದ ಭಾಗ ಉದ್ದುದ್ದ ಚೌಕಟ್ಟಿನಲ್ಲಿ ತುಂಬಬೇಕು ಎಂದಿಟ್ಟುಕೊಳ್ಳಿ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 35 ಎಂಎಂಗೆ ಸುಮಾರು 60 ಸೆಂಟಿಮೀಟರ್ ದೂರ ಸಾಕು, 50 ಎಂಎಂಗೆ 90 ಸೆಂಟಿಮೀಟರ್. 85ಕ್ಕೆ ಒಂದೂವರೆ ಮೀಟರ್ ಬೇಕು. 105ಕ್ಕೆ 1.9 ಮೀಟರ್, 135ಕ್ಕೆ 2.4 ಮೀಟರ್. ಇದು ಲೆನ್ಸಿನಿಂದ ಮುಖದವರೆಗಿನ ದೂರ ಮಾತ್ರ. ಕೂತವರ ಬೆನ್ನ ಹಿಂದೆ ಗೋಡೆ ಮಸುಕಾಗಲು ಒಂದು ಮೀಟರಾದರೂ ಬಿಡಬೇಕು. ಕ್ಯಾಮೆರಾ ಹಿಂದೆ ನಾನೂ ನಿಲ್ಲಬೇಕಲ್ಲ, ಅದಕ್ಕೊಂದು ಅರ್ಧ ಮೀಟರ್. ಗದಗಿನ ನಮ್ಮ ಪಡಸಾಲೆ 11 ಅಡಿ, ಎಂದರೆ 3.3 ಮೀಟರ್. ಕೂಡಿ ನೋಡಿ: 85ಕ್ಕೆ ಬೇಕಾದ್ದು 3 ಮೀಟರ್, ಹಿಡಿಸುತ್ತದೆ. 135ಕ್ಕೆ 3.9 ಮೀಟರ್, ಬೆನ್ನು ಗೋಡೆಗೆ ಹತ್ತಿದರೂ ಸಾಲದು. 105 ಒಂದು ಗೇಣಿನಷ್ಟರಲ್ಲಿ ತಪ್ಪಿಹೋಗುತ್ತದೆ.

ಲೆನ್ಸಿನ ವಿಮರ್ಶೆ ಬರೆಯುವವರಲ್ಲಿ ಬಹುಮಂದಿ ಹೊರಗೆ, ಪಾರ್ಕಿನಲ್ಲಿ, ಎಲೆಯುದುರುವ ಮರಗಳ ನಡುವೆ ಚಿತ್ರ ತೆಗೆಯುತ್ತಾರೆ. ಅಲ್ಲಿ 135 ರಾಜ. ನಮ್ಮ ಹಿರಿಯರು ಪಾರ್ಕಿಗೆ ಬರುವುದಿಲ್ಲ. ಅವರು ಕೂಡುವುದು ಪಡಸಾಲೆಯ ಕುರ್ಚಿಯಲ್ಲಿ, ಅಡುಗೆಮನೆಯ ಹೊಸ್ತಿಲಲ್ಲಿ, ಮನೆ ಮುಂದಿನ ಕಟ್ಟೆಯ ಮೇಲೆ. ಆದ್ದರಿಂದ ಲೆನ್ಸು ಕೊಳ್ಳುವ ಮೊದಲು ಟೇಪು ಹಿಡಿದು ಮನೆ ಅಳೆಯಿರಿ, ಇಲ್ಲವೇ ತಮ್ಮನಿಗೆ ಫೋನ್ ಮಾಡಿ ಅಳೆಸಿ. ಏಪಿಎಸ್-ಸಿ ಎನ್ನುವ ಚಿಕ್ಕ ಸೆನ್ಸರಿನ ಕ್ಯಾಮೆರಾ ಇದ್ದವರು 56 ಎಂಎಂ ಲೆನ್ಸನ್ನು ನೋಡಬಹುದು. ಅದರ ನೋಟ ಫುಲ್‌ಫ್ರೇಮಿನ 85ರದೇ.

ದೂರದಿಂದ ಉದ್ದ ಲೆನ್ಸಿನಲ್ಲಿ ಮುಖ ಹಿಡಿಯುವ ವಿಷಯ ಬಂದರೆ ಪುಣೆಯವನಾಗಿ ನನಗೆ ಒಂದು ಜಾಗ ನೆನಪಾಗದೆ ಇರುವುದಿಲ್ಲ. ಲಾ ಕಾಲೇಜ್ ರಸ್ತೆಯ ಎಫ್‌ಟಿಐಐ. 1960ರಲ್ಲಿ ಆ ಸಂಸ್ಥೆ ಶುರುವಾಗುವ ಮೊದಲು ಅದು ಪ್ರಭಾತ್ ಫಿಲ್ಮ್ ಕಂಪನಿಯ ಸ್ಟುಡಿಯೊ. 1944ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ ಹುಡುಗರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬನಿದ್ದ. ಆಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅವನೇ ಗುರುದತ್. ಮುಂದೆ ಮುಂಬೈಗೆ ಹೋಗಿ 1951ರಲ್ಲಿ ‘ಬಾಜಿ’ ನಿರ್ದೇಶಿಸಿದಾಗ ಮುಖಗಳನ್ನು 100 ಎಂಎಂ ಲೆನ್ಸಿನಲ್ಲಿ ಅಷ್ಟು ಹತ್ತಿರವಾಗಿ ಹಿಡಿಸಿದರು. ಆ ಬಗೆಯ ಕ್ಲೋಸ್‌ಅಪ್‌ಗೆ ‘ಗುರುದತ್ ಶಾಟ್’ ಎಂಬ ಹೆಸರೇ ಬಿತ್ತು. ಸಿನಿಮಾದ 35 ಎಂಎಂ ಫ್ರೇಮು ನಮ್ಮ ಫುಲ್‌ಫ್ರೇಮಿಗಿಂತ ಚಿಕ್ಕದು. ಅಲ್ಲಿನ 100 ಎಂಎಂ ಇಲ್ಲಿನ ಸುಮಾರು 160ಕ್ಕೆ ಸಮ. ಅಷ್ಟು ಉದ್ದದ ಲೆನ್ಸಿಗೆ ಸ್ಟುಡಿಯೊದಂಥ ಜಾಗವೇ ಬೇಕು, ಅವರಿಗೆ ಅದಿತ್ತು.

‘ಬಾಜಿ’ಯಲ್ಲಿ ಸಹಾಯಕ ಛಾಯಾಗ್ರಾಹಕರಾಗಿದ್ದು, ಮರುವರ್ಷ ‘ಜಾಲ್’ನಿಂದ ಗುರುದತ್ತರ ಕ್ಯಾಮೆರಾ ಕಣ್ಣಾದವರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ. 1923ರಲ್ಲಿ ಹುಟ್ಟಿದವರು, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಕಲಿತು ಮುಂಬೈ ಸೇರಿದವರು. ನಮ್ಮ ಹಾಗೆಯೇ ಡಿಪ್ಲೊಮಾ ಕೈಯಲ್ಲಿ ಹಿಡಿದು ಊರು ಬಿಟ್ಟವರು ಎನ್ನಬಹುದು. ‘ಪ್ಯಾಸಾ’ (1957), ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಕಾಗಜ್ ಕೆ ಫೂಲ್’ (1959), ‘ಸಾಹಿಬ್ ಬೀಬಿ ಔರ್ ಗುಲಾಮ್’ (1962), ಎಲ್ಲ ಅವರದೇ ಕೈ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಾಗ, ಛಾಯಾಗ್ರಹಣಕ್ಕಾಗಿಯೇ ಆ ಗೌರವ ಪಡೆದವರಲ್ಲಿ ಅವರು ಮೊದಲಿಗರು. ‘ಕಾಗಜ್ ಕೆ ಫೂಲ್’ನಲ್ಲಿ ಕತ್ತಲ ಸ್ಟುಡಿಯೊದೊಳಗೆ ಕೋಲಿನಂತೆ ಇಳಿಯುವ ಬೆಳಕು ನೆನಪಿದೆಯಲ್ಲ? ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಒಳಗೆ ತಿರುಗಿಸಿ ಅದನ್ನು ಮಾಡಿದರು. ಲೆನ್ಸಿನ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವ ನನ್ನ ಸಹೋದ್ಯೋಗಿಗಳಿಗೆ ಇದನ್ನು ಹೇಳುತ್ತಲೇ ಇರುತ್ತೇನೆ. ಅವರು ಕೇಳಿಸಿಕೊಂಡು ಮತ್ತೆ ಲೆನ್ಸಿನ ವಿಷಯಕ್ಕೇ ಬರುತ್ತಾರೆ.

ಸರಿ, ಬರೋಣ. ಮೆಗಾಪಿಕ್ಸೆಲ್ ಹೆಚ್ಚಾದರೆ ಲೆನ್ಸಿನ ಆಯ್ಕೆಯಲ್ಲಿ ಬದಲಾಗುವುದೇನು?

ಒಂದು ಲೆಕ್ಕ ನನಗೇ ಆಶ್ಚರ್ಯ ತಂದಿತ್ತು. 45 ಮೆಗಾಪಿಕ್ಸೆಲ್ ಕ್ಯಾಮೆರಾದ ಉದ್ದ ಬದಿಯಲ್ಲಿ 8256 ಪಿಕ್ಸೆಲ್‌ಗಳಿವೆ. ಆ 60 ಸೆಂಟಿಮೀಟರನ್ನು ಅದರಿಂದ ಭಾಗಿಸಿದರೆ ಅವ್ವನ ಮುಖದ ಮೇಲೆ ಒಂದು ಪಿಕ್ಸೆಲ್ ಎಂದರೆ 0.07 ಮಿಲಿಮೀಟರ್. ಅದು ಒಂದು ತಲೆಗೂದಲಿನ ದಪ್ಪ! ಅಂದರೆ ಕೂದಲೆಳೆಯಷ್ಟು ಅಲುಗಿದರೂ ಅದು ದಾಖಲಾಗುತ್ತದೆ. 85 ಎಂಎಂಗೆ 1/85 ಸೆಕೆಂಡಿನ ಶಟರ್ ಸಾಕು ಎಂಬುದು ಫಿಲ್ಮಿನ ಕಾಲದ ಸೂತ್ರ. ಇಲ್ಲಿ 1/200ಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ. ಕ್ಯಾಮೆರಾದೊಳಗಿನ ಸ್ಟೆಬಿಲೈಸೇಶನ್ ನನ್ನ ಕೈ ನಡುಕವನ್ನು ತಡೆಯುತ್ತದೆಯೇ ಹೊರತು, ಕೂತವರು ಉಸಿರಾಡುವುದನ್ನಲ್ಲ.

ಫೋಕಸ್ ಇನ್ನೂ ನಾಜೂಕು. 85 ಎಂಎಂ, ಎಫ್/1.4, ಒಂದೂವರೆ ಮೀಟರ್ ದೂರ. ಹಳೆಯ ಕೋಷ್ಟಕಗಳ ಪ್ರಕಾರ ಸ್ಪಷ್ಟವಾಗಿ ಕಾಣುವ ಆಳ 2.6 ಸೆಂಟಿಮೀಟರ್. ಆದರೆ ಆ ಕೋಷ್ಟಕಗಳು ಚಿತ್ರವನ್ನು ಸಾಧಾರಣ ಗಾತ್ರದಲ್ಲಿ ಪ್ರಿಂಟ್ ಮಾಡಿ ನೋಡುವವರಿಗಾಗಿ ಮಾಡಿದವು. 45 ಮೆಗಾಪಿಕ್ಸೆಲ್ಲನ್ನು ಮಾನಿಟರಿನಲ್ಲಿ ಪೂರ್ತಿ ಹಿಗ್ಗಿಸಿ ನೋಡಿದರೆ ಆ ಆಳ ಮುಕ್ಕಾಲು ಸೆಂಟಿಮೀಟರಿಗೆ ಇಳಿಯುತ್ತದೆ. ಈ ಕಣ್ಣು ಚೂಪಾದರೆ ಆ ಕಣ್ಣು ಮಸುಕು. ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಫೋಕಸ್ ನೋಡುವ ಸೆನ್ಸರ್ ಬೇರೆ, ಚಿತ್ರ ಹಿಡಿಯುವ ಸೆನ್ಸರ್ ಬೇರೆ. ಎರಡರ ಅಳತೆ ಕೂದಲಷ್ಟು ಹೆಚ್ಚುಕಡಿಮೆಯಾದರೂ ಕಣ್ಣಿನ ಬದಲು ಕಿವಿಗೆ ಫೋಕಸ್ ಬೀಳುತ್ತದೆ. ಮಿರರ್‌ಲೆಸ್ ಕ್ಯಾಮೆರಾಗಳು ಚಿತ್ರ ಹಿಡಿಯುವ ಸೆನ್ಸರಿನಲ್ಲೇ ಫೋಕಸ್ ನೋಡುತ್ತವೆ, ಕಣ್ಣನ್ನು ತಾವೇ ಹುಡುಕುತ್ತವೆ. ಹೆಚ್ಚು ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಕೊಳ್ಳುವವರಿಗೆ ನನ್ನ ಮಟ್ಟಿಗೆ ಇದು ಲೆನ್ಸಿನ ಬ್ರ್ಯಾಂಡಿಗಿಂತ ದೊಡ್ಡ ವಿಷಯ.

ಆದ್ದರಿಂದಲೇ ಎಫ್/1.4, ಎಫ್/1.2 ಎಂದು ಲಕ್ಷಗಟ್ಟಲೆ ಸುರಿಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಆ ಬೆಲೆಗೆ ಕೊಂಡ ಮೇಲೆ ಎರಡೂ ಕಣ್ಣು ಬೇಕೆಂದು ಎಫ್/2.8ಕ್ಕೋ ಎಫ್/4ಕ್ಕೋ ಮುಚ್ಚುವುದೇ ಆಗುತ್ತದೆ. ಎಫ್/4ಕ್ಕೆ ಮುಚ್ಚಿದಾಗ ಅಗ್ಗದ 85 ಎಫ್/1.8ಕ್ಕೂ ದುಬಾರಿ ಎಫ್/1.4ಕ್ಕೂ ಮುಖದ ಮೇಲೆ ವ್ಯತ್ಯಾಸ ಹುಡುಕುವುದು ಕಷ್ಟ. ತೂಕದ ವ್ಯತ್ಯಾಸ ಮಾತ್ರ ಹೆಗಲಿಗೆ ತಿಳಿಯುತ್ತದೆ. ಸೋನಿಯ 85 ಎಫ್/1.8 ಸುಮಾರು 370 ಗ್ರಾಂ. ಸಿಗ್ಮಾ 2016ರಲ್ಲಿ ತಂದ 85 ಎಫ್/1.4 ಆರ್ಟ್ ಒಂದು ಕಿಲೊ ದಾಟಿತ್ತು. 2020ರಲ್ಲಿ ಮಿರರ್‌ಲೆಸ್‌ಗಾಗಿ ಹೊಸದಾಗಿ ಮಾಡಿದ್ದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಕೆನಾನ್‌ನವರ ಆರ್‌ಎಫ್ 85 ಎಫ್/1.2 ಒಂದು ಕಿಲೊ ಇನ್ನೂರು ಗ್ರಾಂಗೆ ಹತ್ತಿರ. ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಬಾಕರವಡಿ, ಅವ್ವನ ಗುಳಿಗೆ, ಲ್ಯಾಪ್‌ಟಾಪ್ ಎಲ್ಲ ಇರುತ್ತವೆ ಎಂಬುದು ನೆನಪಿರಲಿ.

ದುಬಾರಿ ಲೆನ್ಸು ನಿಜವಾಗಿ ಗೆಲ್ಲುವುದು ಬೇರೊಂದು ಕಡೆ. ಪೂರ್ತಿ ತೆರೆದಾಗ ಕೆಲವು ಲೆನ್ಸುಗಳು ಹೊಳೆಯುವ ಅಂಚಿನ ಸುತ್ತ ನೇರಳೆ, ಹಸಿರು ಛಾಯೆ ಬಿಡುತ್ತವೆ. ಬಿಳಿಕೂದಲು, ಕನ್ನಡಕದ ಲೋಹದ ಫ್ರೇಮು, ಮೂಗುಬಟ್ಟು, ಜರಿ ಇವುಗಳ ಮೇಲೆ ಅದು ಎದ್ದು ಕಾಣುತ್ತದೆ. ನಮ್ಮ ತಾಯಂದಿರ ಚಿತ್ರದಲ್ಲಿ ಈ ನಾಲ್ಕೂ ಇರುತ್ತವಲ್ಲ! ಹೆಚ್ಚು ಪಿಕ್ಸೆಲ್ ಇದ್ದಷ್ಟೂ ಇದು ಹೆಚ್ಚು ಕಣ್ಣಿಗೆ ಬೀಳುತ್ತದೆ. ಲೆನ್ಸು ಪರೀಕ್ಷಿಸುವಾಗ ಇಟ್ಟಿಗೆ ಗೋಡೆಯ ಫೋಟೊ ತೆಗೆಯುವ ಬದಲು ಬಿಳಿಕೂದಲಿನ ಹಿರಿಯರೊಬ್ಬರನ್ನು ಬೆಳಕಿಗೆ ಬೆನ್ನು ಮಾಡಿ ಕೂರಿಸಿ ನೋಡಿ.

ಇನ್ನೊಂದು ಪೀಡೆ ಲೆನ್ಸಿನದಲ್ಲ, ಸೆನ್ಸರಿನದು. ಈ ಕ್ಯಾಮೆರಾಗಳಲ್ಲಿ ಹಲವುಗಳಿಗೆ, ನಿಕಾನ್ ಡಿ850ಯಂಥವಕ್ಕೆ, ಚಿತ್ರವನ್ನು ಒಂಚೂರು ಮಸುಕಾಗಿಸುವ ಫಿಲ್ಟರ್ ಇಲ್ಲ. ಅದರಿಂದ ಚಿತ್ರ ಚೂಪಾಗುತ್ತದೆ, ಆದರೆ ಸಣ್ಣ ನೇಯ್ಗೆಯ ಬಟ್ಟೆಯ ಮೇಲೆ ಇಲ್ಲದ ಅಲೆ ಅಲೆ ಬಣ್ಣಗಳು ಮೂಡಬಹುದು. ಇಳಕಲ್ ಸೀರೆಯ ಒಡಲಿನ ಸಣ್ಣ ಚೌಕಳಿ ಇದಕ್ಕೆ ಹೇಳಿ ಮಾಡಿಸಿದ್ದು. ಹಾಗೆ ಕಂಡರೆ ಅರ್ಧ ಅಡಿ ಹಿಂದೆ ಮುಂದೆ ಸರಿಯಿರಿ, ಹೋಗುತ್ತದೆ. ಸೀರೆ ಬದಲಿಸು ಎಂದು ಮಾತ್ರ ಹೇಳಬೇಡಿ.

ಅಷ್ಟು ಮೆಗಾಪಿಕ್ಸೆಲ್ ಬೇಕೇ ಎಂದು ಕೇಳುವವರಿಗೂ ಲೆಕ್ಕ ಇದೆ. ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಫ್ರೇಮ್ ಹಾಕಿಸುವ 12×18 ಇಂಚಿನ ಪ್ರಿಂಟಿಗೆ, ಇಂಚಿಗೆ 300 ಚುಕ್ಕಿಯಂತೆ, 3600×5400 ಪಿಕ್ಸೆಲ್ ಬೇಕು. ಅಂದರೆ 19 ಮೆಗಾಪಿಕ್ಸೆಲ್ ಚಿಲ್ಲರೆ. 24ರ ಕ್ಯಾಮೆರಾವೇ ಸಾಕು. 45ರಿಂದ ಸಿಗುವ ಲಾಭ ಕತ್ತರಿಸುವ ಸ್ವಾತಂತ್ರ್ಯ. ಅಂಚುಗಳನ್ನು ಕತ್ತರಿಸಿ ನಡುವಿನ ಭಾಗ ಮಾತ್ರ ಉಳಿಸಿಕೊಂಡು, 85ರ ಚಿತ್ರವನ್ನು 127 ಎಂಎಂನಷ್ಟು ಬಿಗಿಯಾಗಿಸಿದರೂ ಉಳಿಯುವುದು 3600×5400ರಷ್ಟೇ. 12×18ಕ್ಕೆ ಸರಿಹೋಯಿತು. 135ರ ಲೆನ್ಸಿಗೆ ಹಾಕಬೇಕೆಂದಿದ್ದ ದುಡ್ಡು ನಿಮ್ಮ ಸೆನ್ಸರಿನಲ್ಲೇ ಇದೆ. ಹಿನ್ನೆಲೆ 135ರಷ್ಟು ಕರಗುವುದಿಲ್ಲ ಎಂಬುದು ನಿಜ. ಆದರೆ ನಮ್ಮ ಹಿನ್ನೆಲೆ ಸುಣ್ಣದ ಗೋಡೆ, ಕರಗುವುದಕ್ಕೆ ಅಲ್ಲೇನಿದೆ?

ಹಳೆಯ ಲೆನ್ಸು ಹೊಸ ಸೆನ್ಸರಿಗೆ ಆಗಿಬರುವುದಿಲ್ಲ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಅದೇ ಗಾತ್ರದ ಪ್ರಿಂಟಿನಲ್ಲಿ ಹಳೆಯ ಲೆನ್ಸು ಮೊದಲಿಗಿಂತ ಕೆಟ್ಟದಾಗಿ ಕಾಣುವುದಿಲ್ಲ. ಹೊಸ ಸೆನ್ಸರಿನ ಪೂರ್ತಿ ಲಾಭ ಸಿಗುವುದಿಲ್ಲ, ಅಷ್ಟೇ. ಸ್ಟೀವ್ ಮೆಕರಿ 1984ರಲ್ಲಿ ಪೇಶಾವರದ ನಿರಾಶ್ರಿತರ ಶಿಬಿರದಲ್ಲಿ ತೆಗೆದ ಆಫ್ಘನ್ ಹುಡುಗಿಯ ಹಸಿರು ಕಣ್ಣುಗಳ ಚಿತ್ರ ನಿಕಾನ್‌ನ 105 ಎಂಎಂ ಎಫ್/2.5 ಲೆನ್ಸಿನದು.

ಈಗ ನಿಜವಾಗಿ ಕಷ್ಟದ ಪ್ರಶ್ನೆ. ಚೂಪು ಎಷ್ಟು ಬೇಕು?

ಭಾವಚಿತ್ರದ ಲೆನ್ಸುಗಳ ಚರಿತ್ರೆಯೇ ಇಲ್ಲಿ ಸುತ್ತುತ್ತದೆ. 1840ರಲ್ಲಿ ವಿಯೆನ್ನಾದ ಗಣಿತದ ಪ್ರಾಧ್ಯಾಪಕ ಜೋಸೆಫ್ ಪೆಟ್ಜ್‌ವಾಲ್ ಮುಖಚಿತ್ರಕ್ಕಾಗಿಯೇ ಒಂದು ಲೆನ್ಸು ರೂಪಿಸಿದ. ಆಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಅಲುಗದೆ ಕೂಡಬೇಕಿತ್ತು. ಅವನ ಲೆನ್ಸು ಎಫ್/3.6ರಷ್ಟು ತೆರೆದು ಆ ಹಿಂಸೆಯನ್ನು ಎಷ್ಟೋ ಇಳಿಸಿತು. ಅದರ ಲೆಕ್ಕ ಮಾಡಲು ಆಸ್ಟ್ರಿಯಾ ಸೇನೆಯ ಫಿರಂಗಿ ದಳದಿಂದ ಲೆಕ್ಕದಲ್ಲಿ ಪಳಗಿದ ಸೈನಿಕರನ್ನು ಕೊಡಲಾಗಿತ್ತಂತೆ. ಸಾಫ್ಟ್‌ವೇರ್‌ನವನಾದ ನನಗೆ ಇದು ಬಹಳ ಇಷ್ಟವಾದ ಕಥೆ: ಮನುಷ್ಯರದೇ ಒಂದು ಕಂಪ್ಯೂಟಿಂಗ್ ಕ್ಲಸ್ಟರ್! ಆ ಲೆನ್ಸು ನಡುವೆ ಚೂಪು, ಅಂಚಿಗೆ ಮಸುಕು. ಮುಖಕ್ಕೆ ಅದೇ ಚಂದ ಎನಿಸಿತು. ಒಂದು ಶತಮಾನದ ಬಳಿಕ, 1935ರಲ್ಲಿ, ಲೈಕಾ ಕ್ಯಾಮೆರಾದವರು ಬೇಕೆಂದೇ ಮಂಜು ಮಂಜಾಗಿ ಕಾಣಿಸುವ ಥಾಂಬಾರ್ ಎಂಬ 90 ಎಂಎಂ ಲೆನ್ಸು ಮಾರಿದರು. ಮುಖದ ಗೆರೆಗಳನ್ನು ಮರೆಸುವುದಕ್ಕೆ ಜನ ಹೆಚ್ಚು ಹಣ ಕೊಡುತ್ತಿದ್ದರು. ಇವತ್ತು ಪ್ರತಿ ಗೆರೆ ಎಣಿಸುವ ಲೆನ್ಸಿಗೆ ಹೆಚ್ಚು ಹಣ ಕೊಟ್ಟು, ಆಮೇಲೆ ಸಾಫ್ಟ್‌ವೇರಿನಲ್ಲಿ ಒರೆಸಿ ಹೊಸ ಸೋಪಿನ ಹಾಗೆ ನುಣುಪು ಮಾಡುತ್ತೇವೆ.

ನನ್ನ ತೀರ್ಮಾನ ಇಷ್ಟು: ಲೆನ್ಸು ಚೂಪಿರಲಿ, ಬೆಳಕು ಮೆತ್ತಗಿರಲಿ. ಗೆರೆಯನ್ನು ಕೊರೆದು ತೋರಿಸುವುದು ಲೆನ್ಸಿಗಿಂತ ಹೆಚ್ಚಾಗಿ ಓರೆಯಾಗಿ ಬೀಳುವ ಬಿಸಿಲು. ದೊಡ್ಡ ಬಾಗಿಲಿನಿಂದ, ನೇರ ಬಿಸಿಲಿಲ್ಲದ ಬೆಳಕು ಎದುರಿನಿಂದ ಬಂದರೆ ಗೆರೆ ಇರುತ್ತದೆ, ಆದರೆ ಕಣ್ಣಿಗೆ ಚುಚ್ಚುವುದಿಲ್ಲ. ನಮ್ಮ ಲೇಖಕರ ಭಾವಚಿತ್ರಗಳನ್ನು ವರ್ಷಗಟ್ಟಲೆ ತೆಗೆದ ಎ.ಎನ್. ಮುಕುಂದ ಅವರ ಚಿತ್ರಗಳನ್ನು ಒಮ್ಮೆ ನೋಡಿ. ವಯಸ್ಸು ಅಡಗಿಸಿಟ್ಟ ಮುಖಗಳಲ್ಲ ಅವು.

ಕೊಳ್ಳುವ ಮೊದಲು ಬಾಡಿಗೆಗೆ ತನ್ನಿ. ಪುಣೆಯಲ್ಲಿ ಲೆನ್ಸು ದಿನಬಾಡಿಗೆಗೆ ಕೊಡುವವರು ಬೇಕಾದಷ್ಟಿದ್ದಾರೆ. ಒಂದು ಶನಿವಾರ ಭಾನುವಾರ 85 ಎಫ್/1.8, 85 ಎಫ್/1.4, 135 ಮೂರನ್ನೂ ತಂದು ನಮ್ಮ ಆಜಿಯ ಎದುರು ಹಿಡಿದು, ಮೂರೂ ಚಿತ್ರಗಳನ್ನು ಹೆಸರಿಲ್ಲದೆ ಹೆಂಡತಿಗೆ ತೋರಿಸಿದೆ. ಅವಳು ಆರಿಸಿದ್ದು ಆಜಿ ನಕ್ಕಿದ್ದ ಚಿತ್ರವನ್ನು. ಅದು ಯಾವ ಲೆನ್ಸಿನದು ಎಂಬುದು ಮುಖ್ಯವಲ್ಲ ಎಂದು ಬರೆಯಲು ಆಸೆ, ಆದರೆ ಮುಖ್ಯವೇ: ಅದು 370 ಗ್ರಾಂನದು. ಹಗುರವಾಗಿದ್ದರಿಂದ ಹೆಚ್ಚು ಹೊತ್ತು ಹಿಡಿದುಕೊಂಡು ಕಾಯಲು ಆಯಿತು.

85 ಎಫ್/1.8 ಕೊಂಡು, ದೀಪಾವಳಿಗೆ ವಂದೇ ಭಾರತ್‌ನಲ್ಲಿ ಹುಬ್ಬಳ್ಳಿಗೆ ಇಳಿದು ಗದಗ ಸೇರಿದೆ. ನಮ್ಮ ತಲಬಾಗಿಲು ಉತ್ತರಕ್ಕಿದೆ, ಬಿಸಿಲು ಒಳಗೆ ಬೀಳುವುದಿಲ್ಲ. ಹಬ್ಬದ ಮರುದಿನ ಹತ್ತು ಗಂಟೆಗೆ ಬಾಗಿಲಿನಿಂದ ನಾಲ್ಕಡಿ ಒಳಗೆ ಕುರ್ಚಿ ಹಾಕಿ, ನೆರಳಿನ ಕಡೆ ಅಪ್ಪನ ಬಿಳಿ ಧೋತರವನ್ನು ಹಗ್ಗಕ್ಕೆ ಇಳಿಬಿಟ್ಟೆ. ಬೆಳಕು ಅದಕ್ಕೆ ಬಡಿದು ಕೆನ್ನೆಗೆ ಮರಳುತ್ತದೆ.

‘ಅವ್ವಾ, ಇಲ್ಲಿ ಬಂದು ಕೂಡು.’

ಕುರ್ಚಿ, ಧೋತರ, ಕ್ಯಾಮೆರಾ ಮೂರನ್ನೂ ನೋಡಿದಳು. ‘ಯಾಕೋ, ಗೋಡಿಗೆ ಹಾಕಾಕೇನು?’

ಅವಳಿಗೆ ತಿಳಿಯದ್ದು ಏನಿದೆ. ‘ಪುಣೆದ ಮನ್ಯಾಗ ಹಚ್ತೀನಿ, ಹುಡುಗರು ದಿನಾ ನೋಡ್ಲಿ’ ಅಂದೆ. ಅದೂ ಸುಳ್ಳಲ್ಲ.

‘ಹಂಗಾರ ತಡಿ, ಹಸರ ಸೀರಿ ಉಟ್ಕೊಂಡ್ ಬರ್ತೀನಿ.’

ಎಫ್/4, 1/200, ಐಎಸ್ಒ 1600. ಕನ್ನಡಕದಲ್ಲಿ ಬಾಗಿಲು ಹೊಳೆಯುತ್ತಿತ್ತು. ಕಿವಿಯ ಮೇಲೆ ಕನ್ನಡಕದ ಕಡ್ಡಿಗಳನ್ನು ಒಂದು ಕಾಳಿನಷ್ಟು ಮೇಲೆತ್ತಿದರೆ ಗಾಜು ಕೆಳಕ್ಕೆ ಬಾಗಿ ಹೊಳಪು ಹೋಗುತ್ತದೆ, ಕನ್ನಡಕ ತೆಗೆಸುವುದು ಬೇಕಿಲ್ಲ. ಕನ್ನಡಕವಿಲ್ಲದ ಅವ್ವ ನಮಗೆ ಯಾರಿಗೂ ಗೊತ್ತಿಲ್ಲ. ಮೊದಲ ಇಪ್ಪತ್ತು ಚಿತ್ರಗಳಲ್ಲಿ ಆಧಾರ್ ಕಾರ್ಡಿನ ಮುಖ. ತಮ್ಮನ ಮಗಳು ಧೋತರದ ಹಿಂದೆ ಹೋಗಿ ಅಡಗಿ ಅದನ್ನು ಜಗ್ಗತೊಡಗಿದಾಗ ಬೈಯಲು ಬಾಯಿ ತೆರೆದವಳು ನಕ್ಕಳು. ಅದು ಸಿಕ್ಕಿತು.

ಕಂಪ್ಯೂಟರಿನಲ್ಲಿ ಹಿಗ್ಗಿಸಿ ತೋರಿಸಿದೆ. ಹಣೆಯ ಮೇಲೆ ಬೆರಳಿಟ್ಟು, ‘ಇಷ್ಟ್ ಗೆರಿ ಅದಾವೇನೋ ನನ್ನ ಮಾರಿ ಮ್ಯಾಲ?’ ಅಂದಳು. ‘ಅಳಸ್ಲೇನು?’ ಅಂದೆ. ಸ್ವಲ್ಪ ಹೊತ್ತು ನೋಡಿ, ‘ಬ್ಯಾಡ ಬಿಡು. ನಮ್ಮವ್ವಗೂ ಹಿಂಗs ಇದ್ವು’ ಅಂದಳು. ನನ್ನ ಅಜ್ಜಿಯ ಒಂದು ಚಿತ್ರವೂ ಮನೆಯಲ್ಲಿಲ್ಲ.

ಪುಣೆಗೆ ಬಂದು 12×18ರ ಎರಡು ಪ್ರಿಂಟು ಹಾಕಿಸಿದೆ. ಮ್ಯಾಟ್ ಕಾಗದದಲ್ಲಿ ಹಾಕಿಸಿ, ಹೊಳೆಯುವ ಕಾಗದ ಗೋಡೆಯ ಮೇಲೆ ಕಿಟಕಿಯನ್ನೇ ತೋರಿಸುತ್ತದೆ. ಲ್ಯಾಬಿನ ಹುಡುಗ ಅಭ್ಯಾಸಬಲದಿಂದ ‘ಸ್ಕಿನ್ ಸ್ಮೂಥ್ ಕರೂ ಕಾ?’ ಎಂದ. ನಕೋ ಎಂದೆ. ಒಂದು ಇಲ್ಲಿ ಟಿವಿಯ ಪಕ್ಕ ಇದೆ. ಇನ್ನೊಂದನ್ನು ಊರಿಗೆ ಕಳಿಸಿದೆ. ಅದನ್ನು ಅವ್ವ ಗೋಡೆಗೆ ಹಾಕಗೊಟ್ಟಿಲ್ಲ, ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಾಳೆ.

ಅಪ್ಪನದು ಇನ್ನೂ ಆಗಿಲ್ಲ. ಹೊಸ ಹಲ್ಲಿನ ಸೆಟ್ ಬರಲಿ ಅನ್ನುತ್ತಾರೆ. ಅಳತೆ ಕೊಟ್ಟು ಬಂದಿದ್ದಾರಂತೆ, ಪಂಚಮಿಗೆ ಹೋಗುವಾಗ ಲೆನ್ಸು ಒಯ್ಯಬೇಕು.